ಮುಂಗಡ ಕೊಡುವ ಮೊದಲು ನಡೆದು ನೋಡಿ

ಮೂಡಿಗೆರೆ, ಕಳಸದ ಕಡೆಯ ತೋಟದ ಮನೆ ಬಿಟ್ಟು, ವಯಸ್ಸಾದ ಮೇಲೆ ಚಿಕ್ಕಮಗಳೂರಿನಲ್ಲಿ ಮನೆ ಕೊಳ್ಳುವವರಿದ್ದಾರೆ. ಆಸ್ಪತ್ರೆ ಹತ್ತಿರವಿರಲಿ ಎಂಬ ಆಲೋಚನೆ ಸರಿಯೇ. ಆದರೆ ನೀರು, ವಾಸ್ತು, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ವಿಚಾರಿಸುವ ನೀವು, ಆ ಮನೆಯಿಂದ ಎಲ್ಲೆಲ್ಲಿಗೆ ನಡೆದು ಹೋಗಬಹುದೆಂದು ಕೇಳಿದ್ದೀರಾ?

ತೋಟದಲ್ಲಿ ವ್ಯಾಯಾಮಕ್ಕೆಂದು ಯಾರೂ ನಡೆಯುವುದಿಲ್ಲ. ಕಣ, ಕೆರೆ, ಲೈನುಮನೆ ಎಂದು ಸುತ್ತುವಷ್ಟರಲ್ಲಿ ಏರು-ಇಳಿಜಾರಿನ ದಾರಿಯೇ ಆ ಕೆಲಸ ಮುಗಿಸಿರುತ್ತದೆ. ಊರಾಚೆಯ ಬಡಾವಣೆಗೆ ಬಂದರೆ ಹಾಲಿಗೂ ಸ್ಕೂಟರ್ ಬೇಕು. ಅಕ್ಕಿರೊಟ್ಟಿ, ಕಡುಬು ಹಾಗೇ ಉಳಿದಿರುತ್ತವೆ. ನಡಿಗೆ ಮಾತ್ರ ನಿಂತಿರುತ್ತದೆ. ಆಮೇಲೆ ರಕ್ತದ ಸಕ್ಕರೆ ಏರಿತೆಂದು ಊಟವೊಂದನ್ನೇ ದೂರಿ ಫಲವೇನು?

ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಹಾಲಿನ ಬೂತು ಹತ್ತು ನಿಮಿಷದ ದೂರದಲ್ಲಿದ್ದರೆ, ದಿನವೂ ಹೋಗಿ ಬರುವುದರಲ್ಲೇ ಹೆಚ್ಚುಕಡಿಮೆ ಅಷ್ಟಾಯಿತು. ಹೆಜ್ಜೆ ಚುರುಕಾಗಿರಬೇಕು, ಅಷ್ಟೇ.

‘ಕಾರಿನಲ್ಲಿ ರತ್ನಗಿರಿ ಬೋರೆಗೆ ಹೋಗಿ ವಾಕ್ ಮಾಡಿದರಾಯಿತು’ ಎನ್ನಬಹುದು. ಒಳ್ಳೆಯದು. ಮಳೆ ಹಿಡಿದ ಮೇಲೆ ಎಷ್ಟು ದಿನ ಹೋಗುತ್ತೀರಿ?

ಆದ್ದರಿಂದ ಆಷಾಢದ ಒಂದು ಸಂಜೆ ಕೊಡೆ ಹಿಡಿದು ಆ ಬೀದಿಯಲ್ಲಿ ನಡೆಯಿರಿ. ಬೇಸಿಗೆಯಲ್ಲಿ ಎಲ್ಲ ರಸ್ತೆಯೂ ಚೆನ್ನ. ಪಾಚಿ ಕಟ್ಟಿದ ಚಪ್ಪಡಿ, ಮುಚ್ಚಳವಿಲ್ಲದ ಚರಂಡಿ, ಉರಿಯದ ಬೀದಿದೀಪ, ಫುಟ್‌ಪಾತನ್ನೇ ಆಕ್ರಮಿಸಿದ ಜೀಪು ಆಗ ಕಣ್ಣಿಗೆ ಬೀಳುತ್ತವೆ. ಇಳಿವಯಸ್ಸಿನಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ, ಆಸ್ಪತ್ರೆ ಹತ್ತಿರವಿದ್ದೂ ತಿಂಗಳುಗಟ್ಟಲೆ ಮನೆಯೊಳಗೇ ಉಳಿಯಬೇಕಾದೀತು.

ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಏರಿನಲ್ಲಿ ಅವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆಂದು ಗಮನಿಸಿ. ಎದೆ ಹಿಡಿದಂತಾಗುತ್ತದೆ ಎಂದರೆ ಮೊದಲು ವೈದ್ಯರು, ಮನೆಯ ವಿಚಾರ ಆಮೇಲೆ.