ವಿಕಿರಣದ ಅಳತೆಗೂ ಮುದ್ರೆ ಬೇಕು

ಅಂಗಡಿಯ ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಇರಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ವ್ಯಾಪಾರಿಯು ಎಷ್ಟೇ ಪ್ರಾಮಾಣಿಕನಾಗಿದ್ದರೂ ಕಲ್ಲು ಸವೆದಿದ್ದರೆ ತೂಕ ತಪ್ಪುವುದು. ಅದೇ ಕಲ್ಲಿನಿಂದ ನೂರು ಬಾರಿ ತೂಗಿದರೂ ತಪ್ಪು ಹೊರಬೀಳದು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣಕ್ಕೂ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ವಿಕಿರಣವು ಕಣ್ಣಿಗೆ ಕಾಣದು. ಮೈಗೆ ತಾಕಿದ್ದೂ ತಿಳಿಯದು. ಪ್ರಮಾಣ ಕಡಮೆಯಾದರೆ ಗಂತಿ ಉಳಿದು ಮತ್ತೆ ಬೆಳೆಯಬಹುದು; ಹೆಚ್ಚಾದರೆ ಆರೋಗ್ಯವಾಗಿರುವ ಅಂಗಾಂಶಗಳು ಹಾಳಾಗುವುವು. ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರಬಹುದು.

ಅಮೆರಿಕದ ಕೊಲಂಬಸ್ ನಗರದ ಆಸ್ಪತ್ರೆಯೊಂದರಲ್ಲಿ 1974ರಿಂದ 1976ರವರೆಗೆ ನಡೆದುದನ್ನು ನೋಡಿರಿ. ಕೋಬಾಲ್ಟ್-60ರ ಅರ್ಧಾಯುಷ್ಯ ಸುಮಾರು 5.27 ವರ್ಷ, ಅದರ ಬಲವು ತಿಂಗಳಿಗೆ ನೂರಕ್ಕೆ ಸುಮಾರು 1ರಂತೆ ಕುಗ್ಗುತ್ತದೆ. ಈ ಕುಗ್ಗುವಿಕೆಯ ರೇಖಾಚಿತ್ರವನ್ನು ಅಲ್ಲಿ ತಪ್ಪಾಗಿ ಬರೆದರು. ಕೋಬಾಲ್ಟಿನ ಬಲ ನಿಜಕ್ಕಿಂತ ಹೆಚ್ಚು ಕುಗ್ಗಿದೆಯೆಂದು ಬಗೆದು ಚಿಕಿತ್ಸೆಯ ಅವಧಿಯನ್ನು ಹಿಗ್ಗಿಸುತ್ತ ಹೋದರು. 22 ತಿಂಗಳ ಕಾಲ ಕಿರಣವನ್ನು ಯಾರೂ ಅಳೆದು ನೋಡಲಿಲ್ಲ. 426 ಮಂದಿ ರೋಗಿಗಳು ಇದರ ಫಲವನ್ನುಂಡರು. ಕಾಗದದ ಮೇಲಿನ ಒಂದು ಗೆರೆ ಇಷ್ಟು ಅನರ್ಥಕ್ಕೆ ಕಾರಣವಾಯಿತು.

ಇದಕ್ಕೆ ಉಪಾಯವಿದೆ, ಅದು ಸರಳವೂ ಆಗಿದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ 1969ರಿಂದ ಅಂಚೆಯ ಮೂಲಕ ಪರೀಕ್ಷೆ ನಡೆಸುತ್ತ ಬಂದಿವೆ. ಬಹುಕಾಲ ಇದಕ್ಕೆ ಲಿಥಿಯಂ ಫ್ಲೋರೈಡ್ ಪುಡಿ ತುಂಬಿದ ಪುಟ್ಟ ಗುಳಿಗೆಗಳನ್ನು ಬಳಸಿದರು. ಈಚೆಗೆ ಗಾಜಿನ ಕಡ್ಡಿಗಳು ಬಂದಿವೆ. ಆಸ್ಪತ್ರೆಯವರು ಗುಳಿಗೆಯನ್ನು ನೀರಿನಲ್ಲಿರಿಸಿ, 2 ಗ್ರೇ ವಿಕಿರಣ ಕೊಟ್ಟು ಹಿಂದಿರುಗಿಸುತ್ತಿದ್ದರು. ಕಾಯಿಸಿದಾಗ ಪುಡಿ ಹೊಮ್ಮಿಸುವ ಬೆಳಕೇ ಅದು ಹೀರಿದ ಪ್ರಮಾಣಕ್ಕೆ ಸಾಕ್ಷಿ. ಹೇಳಿದ್ದಕ್ಕೂ ಕಂಡದ್ದಕ್ಕೂ ನೂರಕ್ಕೆ 5ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣವನ್ನು ಹುಡುಕಲೇಬೇಕು. ನಮ್ಮ ದೇಶದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರವೂ ಇಂಥ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ.

ನುರಿತ ಭೌತವಿಜ್ಞಾನಿಗಳಿರುವಲ್ಲಿ ಹೊರಗಿನವರ ಪರೀಕ್ಷೆಯೇಕೆ, ಅದು ಅವರಿಗೆ ಅವಮಾನವಲ್ಲವೇ ಎಂದು ಕೆಲವರು ಕೇಳಬಹುದು. ಈ ಮಾತನ್ನು ನಾವು ಒಪ್ಪಲಾರೆವು. ನುರಿತವರ ಕೈಯೂ ತಪ್ಪೀತು. ತನ್ನ ತಪ್ಪು ತನಗೇ ಕಾಣದಿರುವುದು ಮನುಷ್ಯಸಹಜ. ಗುಳಿಗೆಯು ಎಲ್ಲ ತಪ್ಪುಗಳನ್ನೂ ಹಿಡಿಯಲಾರದೆಂಬುದೂ ನಿಜವೇ. ಕಿರಣವು ರೋಗಿಯ ಮೈಯಲ್ಲಿ ತಪ್ಪು ಜಾಗಕ್ಕೆ ಬಿದ್ದರೆ ಅದು ತಿಳಿಸದು. ಆದುದರಿಂದ ದಿನನಿತ್ಯದ ಎಚ್ಚರವೂ ಬೇಕು, ಹೊರಗಿನ ಪರೀಕ್ಷೆಯೂ ಬೇಕು.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಶಾಲೆಯಲ್ಲಿ ನಿಮ್ಮ ಅಳತೆಯನ್ನು ಇನ್ನೊಬ್ಬರು ಅಳೆದು ನೋಡಿದರೆ ಬೇಸರಪಡಬೇಡಿರಿ. ಮುಂದೆ ನಿಮ್ಮ ಲೆಕ್ಕವನ್ನು ನಂಬಿ ಒಬ್ಬ ರೋಗಿ ಯಂತ್ರದ ಕೆಳಗೆ ಮಲಗಬಹುದು.