ಗಂಡೂ ಬಂದಿದೆ, ಸೀಟೂ ಬಂದಿದೆ



ಈ ಸಲ ಹಿದಕಬೇಳೆ ಸಾರಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ಸಂಚಿಕೆಗಿರಲಿ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಅದನ್ನು ನಿಮ್ಮ ಮುಂದಿಟ್ಟರೆ ನನ್ನ ಮನಸ್ಸೂ ಹಗುರವಾದೀತು.

ನಮ್ಮ ದೊಡ್ಡ ಮಗಳು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ್ದಾಳೆ. ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಎಂ.ಟೆಕ್.ಗೆ ಸೀಟು ಸಿಕ್ಕಿದೆ. ವಿಷಯ ಮೈಕ್ರೋವೇವ್. ಆಮೇಲೆ ಪಿಎಚ್.ಡಿ.ಯನ್ನೂ ಮಾಡ್ತೀನಿ ಅಂತಾಳೆ. ಅದೇ ವಾರ ಚಿಂತಾಮಣಿ ಕಡೆಯಿಂದ ಒಂದು ಗಂಡೂ ಬಂತು. ಒಳ್ಳೆಯ ಮನೆತನ, ಹುಡುಗನಿಗೆ ಕೆಲಸವಿದೆ. ಆದರೆ ಮದುವೆ ಈ ವರ್ಷವೇ ಆಗಬೇಕು, ಮುಂದಿನ ಓದು ಬೇಡ ಅಂದರು.

"ಮೈಕ್ರೋವೇವ್ ಅಂದ್ರೆ ಅನ್ನ ಬಿಸಿ ಮಾಡೋ ಡಬ್ಬಿ ತಾನೆ? ಅದನ್ನ ಓದೋಕೆ ಏಳು ವರ್ಷ ಬೇಕಾ?" ಅಂದರು ನಮ್ಮತ್ತೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ನನಗೇನು ಗೊತ್ತು? ಮಗಳೇ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

ರೇಡಿಯೋ, ಮೊಬೈಲು, ವಿಮಾನ ಹುಡುಕುವ ರೇಡಾರು, ಆ ಡಬ್ಬಿ, ಎಲ್ಲಕ್ಕೂ ಬೇಕಾದದ್ದು ಒಂದೇ ಜಾತಿಯ ಅಲೆಗಳಂತೆ. ಸೆಕೆಂಡಿಗೆ ಎಷ್ಟು ಸಲ ತೂಗುತ್ತವೆ ಅನ್ನುವುದಷ್ಟೇ ವ್ಯತ್ಯಾಸ. ಡಬ್ಬಿಯೊಳಗಿನ ಅಲೆ ಸೆಕೆಂಡಿಗೆ 245 ಕೋಟಿ ಸಲ ತೂಗುತ್ತದೆ, ಅದರ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಗಾಜಿನಲ್ಲಿ ಸಣ್ಣ ತೂತಿನ ಜಾಲರಿ ಇರುತ್ತದಲ್ಲ, ಅಷ್ಟು ಚಿಕ್ಕ ತೂತಿನಲ್ಲಿ ಆ ಅಲೆ ಹೊರಗೆ ಬರಲಾರದು. ದಿನಾ ಕಣ್ಣಿಗೆ ಬೀಳುವ ಜಾಲರಿಗೆ ಹೀಗೊಂದು ಕೆಲಸವಿದೆ ಅಂತ ನನಗೆ ತಿಳಿದೇ ಇರಲಿಲ್ಲ!

ನಮ್ಮ ಗೌರಿಬಿದನೂರಿನ ಹತ್ತಿರವೂ ಇಂಥ ಕೆಲಸ ನಡೆದಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲೊಂದು ರೇಡಿಯೋ ದೂರದರ್ಶಕ ಕಟ್ಟಿದವು. ಅದಕ್ಕೆ ಕೊಳವೆಯೂ ಇಲ್ಲ, ಗಾಜೂ ಇಲ್ಲ. ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಸಾಲಾಗಿ ನಿಲ್ಲಿಸಿದ ಸಾವಿರದಷ್ಟು ಆಂಟೆನಾಗಳು. ಆಕಾಶದಿಂದ ಬರುವ, ಒಂದೊಂದೂ ಒಂಬತ್ತು ಮೀಟರಿನಷ್ಟು ಉದ್ದದ ಅಲೆಗಳನ್ನು ಹಿಡಿಯುವುದಕ್ಕೆ ಅದು.

"ಸರಿ ಕಣಮ್ಮ, ಇದನ್ನೆಲ್ಲ ಹೆಣ್ಣುಮಕ್ಕಳು ಮಾಡಿದ್ದಾರಾ?" ಅಂದರು ಅತ್ತೆ. ಆಗ ಮಗಳು ಹೇಳಿದ ಹೆಸರೇ ರಾಜೇಶ್ವರಿ ಚಟರ್ಜಿ.

ಹೆಸರು ಬಂಗಾಳಿಯಾದರೂ ಅವರು ನಮ್ಮವರೇ. 1922ರಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ರಾಜ್ಯದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ವಿದ್ಯೆಗಾಗಿ ದುಡಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, 1943ರಲ್ಲಿ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆ ಸೇರಿದರು. 1947ರಲ್ಲಿ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲದಲ್ಲಿ, ಒಂಟಿ ಹುಡುಗಿ! ಅಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಹಿಂತಿರುಗಿ ಅದೇ ಸಂಸ್ಥೆಯಲ್ಲಿ ಪಾಠ ಹೇಳಲು ಸೇರಿದರು.

"ಮದುವೆ ಆಯ್ತಾ?" ಅತ್ತೆಯ ಮುಂದಿನ ಪ್ರಶ್ನೆ ಅದೇ ಅಂತ ನನಗೆ ಗೊತ್ತಿತ್ತು.

ಆಯಿತು. ಅದೇ 1953ರಲ್ಲಿ, ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ. ಆಗ ಅವರಿಗೆ 31 ವರ್ಷ. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ಜನ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ ಬರೆದರು, ಪುಸ್ತಕಗಳನ್ನೂ ಬರೆದರು, ವಿಭಾಗದ ಮುಖ್ಯಸ್ಥರೂ ಆದರು. 1982ರಲ್ಲಿ ನಿವೃತ್ತರಾದ ಮೇಲೆ ಹೆಂಗಸರ ಏಳಿಗೆಯ ಕೆಲಸಕ್ಕೆ ನಿಂತರು, ಥೇಟ್ ಅಜ್ಜಿಯ ಹಾಗೆ. 2010ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಕೂಡ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದರು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಗಟ್ಟಿಗಿತ್ತಿ ಇದ್ದಳು ಅನ್ನು" ಅಂದರು.

ಸೋದರಿಯರೆ, ಒಬ್ಬರ ಕತೆ ಕೇಳಿ ಕುಣಿಯಬಾರದು, ಲೆಕ್ಕವನ್ನೂ ನೋಡಬೇಕು. ನಮ್ಮವರಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ಕಸುಬು. ಗೂಡಿನ ರೇಟು ಏರಿದ ವಾರ ನಮ್ಮ ಮನೆಯ ಲೆಕ್ಕವೂ ಏರುಪೇರು. ಖರ್ಚಿಗೇನು ಮಾಡೋದು ಅಂತ ಅವರಿಗೆ ಯೋಚನೆ. ವಿಚಾರಿಸಿದಾಗ ತಿಳಿಯಿತು: ಗೇಟ್ ಮೂಲಕ ಇಂಥ ಸಂಸ್ಥೆಗಳಲ್ಲಿ ಎಂ.ಟೆಕ್. ಓದುವವರಿಗೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಎರಡು ವರ್ಷದ ಓದು. ಪಿಎಚ್.ಡಿ. ಸಂಶೋಧನಾ ವೇತನ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ಎಲ್ಲ ಕಾಲೇಜಿನಲ್ಲೂ ಹೀಗೆ ಕೊಡುವುದಿಲ್ಲ, ಸೇರುವ ಮೊದಲೇ ಕೇಳಿಕೊಳ್ಳಿ. ಹಾಸ್ಟೆಲ್ ಇದೆಯೇ, ಮಾರ್ಗದರ್ಶಕರು ಯಾರು, ಅವರ ಹತ್ತಿರ ಮೊದಲು ಓದಿದವರು ಎಷ್ಟು ವರ್ಷಕ್ಕೆ ಮುಗಿಸಿದರು, ಇದನ್ನೂ ಕೇಳಿ. ಮುಗಿದ ಕೂಡಲೇ ಕಾಯಂ ಕೆಲಸ ಕಾದಿರುತ್ತದೆ ಅಂತಲೂ ತಿಳಿಯಬೇಡಿ. ಪ್ರೊಫೆಸರ್ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು.

ಇಷ್ಟೆಲ್ಲ ನೋಡಿದ ಮೇಲೂ ನಾನು ಮಗಳ ಕಡೆಗೇ ನಿಂತೆ. ಯಾಕೆ ಗೊತ್ತೇ? ಹತ್ತನೇ ತರಗತಿ ಮುಗಿದಾಗ ನನಗೂ ಕಾಲೇಜಿಗೆ ಹೋಗುವ ಆಸೆಯಿತ್ತು. ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಆದರೆ ಹಿರಿಯರು ಬೇಡ ಅಂದಾಗ "ಹೋಗಲಿ ಬಿಡಿ, ಓದಲಿ" ಅನ್ನುವ ಹೆಂಗಸು ಒಬ್ಬಳೂ ಇರಲಿಲ್ಲ. ಅಷ್ಟೇ ಆದದ್ದು.

ಚಿಂತಾಮಣಿಯವರಿಗೆ ನಮ್ಮವರು ಫೋನ್ ಮಾಡಿ, "ಮದುವೆಗೆ ನಮ್ಮ ಅಡ್ಡಿಯಿಲ್ಲ, ಓದು ಮಾತ್ರ ನಿಲ್ಲಿಸೋಲ್ಲ" ಅಂತ ಹೇಳಿದ್ದಾರೆ. ಅವರು ಇನ್ನೂ ಏನೂ ಹೇಳಿಲ್ಲ. ಈ ಸಂಬಂಧ ತಪ್ಪಿದರೆ ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ಅತ್ತೆ ನಿನ್ನೆ ಮಗಳ ಹಾಸ್ಟೆಲಿಗೆ ಅಂತ ಚಟ್ನಿಪುಡಿಗೆ ಮೆಣಸಿನಕಾಯಿ ಬಿಸಿಲಿಗೆ ಹಾಕಿದರು. ನಾನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಗಂಡೂ ಸೀಟೂ ಒಟ್ಟಿಗೆ ಬಂದಿದ್ದರೆ, ಮೊದಲು ಮಗಳನ್ನು ಕೂರಿಸಿಕೊಂಡು ಅವಳು ಓದುವುದೇನು ಅಂತ ಕೇಳಿ. ಆಮೇಲೆ ನನಗೂ ಬರೆಯಿರಿ.