ಗೃಹವಿಚಾರ: ಚಿಕ್ಕ ಮಕ್ಕಳ ಕಾವಲು ಮತ್ತು ಶಿಸ್ತು

ಹೋದ ಮಳೆಗಾಲದಲ್ಲಿ ಸಿದ್ದಾಪುರದ ಸೀಮೆಯ ಒಂದು ಹಳ್ಳಿಯಲ್ಲಿ, ಆಪ್ತರೊಬ್ಬರ ಮನೆಯಲ್ಲಿ, ನಾವು ಎರಡು ದಿನ ಉಳಿದಿದ್ದೆವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೇರಿಯಲ್ಲಿ ಒಮ್ಮೆಗೇ ಗದ್ದಲವೆದ್ದಿತು. ನಾಲ್ಕು ವರ್ಷದ ಗಂಡುಮಗುವೊಂದು ಮಕ್ಕಳ ಕೇಂದ್ರದಿಂದ ಯಾರ ಕಣ್ಣಿಗೂ ಬೀಳದೆ ಹೊರಬಿದ್ದು, ಕಾಲುಹಾದಿಯನ್ನು ಹಿಡಿದು, ತುಂಬಿ ಹರಿಯುತ್ತಿದ್ದ ಹಳ್ಳದ ಕಾಲುಸಂಕದ ಬಳಿಯಲ್ಲಿ ನಿಂತಿತ್ತು. ದನಗಳನ್ನು ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ಅದನ್ನು ಕಂಡು ಎತ್ತಿಕೊಂಡು ತಂದಳು. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ತೋಟದಿಂದ ಓಡಿಬಂದ ತಂದೆಯು ಮೊದಲು ಮಾಡಿದ ಕೆಲಸವೆಂದರೆ ಮಗುವಿನ ಬೆನ್ನಿಗೆ ಎರಡು ಏಟು ಹಾಕಿದ್ದು. ಆಮೇಲೆ, ಅಳುತ್ತ ನಿಂತಿದ್ದ ಕಾರ್ಯಕರ್ತೆಗೆ, "ನೀವು ಇವನಿಗೆ ಮೊದಲೇ ನಾಲ್ಕು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಹೇಳಿದ್ದು. ನೆರೆದವರಲ್ಲಿ ಅನೇಕರು ಹೌದೆಂದು ತಲೆದೂಗಿದರು. ನಾವೂ ಆ ಕ್ಷಣದಲ್ಲಿ ಸುಮ್ಮನಿದ್ದೆವು. ಆ ಮೌನಕ್ಕಾಗಿ ಪಶ್ಚಾತ್ತಾಪಪಟ್ಟು ಈ ತಿಂಗಳ ಮಾತನ್ನು ಬರೆಯುತ್ತಿದ್ದೇವೆ.

ಸಂಜೆ ಆ ತಾಯಿಯೊಡನೆ ಕುಳಿತು ವಿಚಾರಿಸಲಾಗಿ, ನಡೆದ ಸಂಗತಿಯು ಹೀಗಿತ್ತು. ಅಂದು ಸಹಾಯಕಿಯು ಜ್ವರದಿಂದ ಮಲಗಿದ್ದಳು. ಕಾರ್ಯಕರ್ತೆಯೊಬ್ಬಳೇ ಒಲೆಯ ಮುಂದೆಯೂ ಇರಬೇಕು, ಮಕ್ಕಳ ಮುಂದೆಯೂ ಇರಬೇಕು, ಲೆಕ್ಕದ ವಹಿಗಳನ್ನೂ ತುಂಬಬೇಕು. ಬಾಗಿಲ ಚಿಲಕವು ಮಗುವಿನ ಕೈಗೆ ಎಟಕುವಷ್ಟು ಕೆಳಗಿತ್ತು. ಇನ್ನು ಮಗುವಿನ ಅಪರಾಧವೇನು? ಹಳ್ಳದ ಆಚೆಯ ತೋಟದಲ್ಲಿ ಅಪ್ಪನಿದ್ದಾನೆಂದು ಅದಕ್ಕೆ ಗೊತ್ತಿತ್ತು. ಅಪ್ಪನನ್ನು ನೋಡಲು ಹೊರಟಿತ್ತು. ಅಪ್ಪನು ಸಿಕ್ಕಿದನು, ಏಟೂ ಸಿಕ್ಕಿತು. ಇದರಿಂದ ಅದು ಯಾವ ನೀತಿಯನ್ನು ಕಲಿಯಬೇಕು? ಹಳ್ಳದ ನೀರು ಅಪಾಯವೆಂದೇ? ಇಲ್ಲವೆ ಅಪ್ಪನು ಅಪಾಯವೆಂದೇ?

ನಮ್ಮ ಜನರಲ್ಲಿ ಶಿಸ್ತು ಎಂದ ಕೂಡಲೆ ಬೆತ್ತವು ನೆನಪಿಗೆ ಬರುತ್ತದೆ. ಕಾವಲು ಎಂದರೆ ತೋಟದ ಕಾವಲು ಮಾತ್ರ ನೆನಪಿಗೆ ಬರುತ್ತದೆ. ಆದರೆ ಆರು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಇವೆರಡೂ ಬೇರೆ ಬೇರೆಯಲ್ಲ. ಆ ವಯಸ್ಸಿನ ಮಗುವಿಗೆ ಮುಂದಾಲೋಚನೆಯಿಲ್ಲ. ಅದು ತನ್ನ ಪರವಾಗಿ ಹಿರಿಯರಿಂದ ಆಲೋಚನೆಯನ್ನು ಎರವಲು ಪಡೆದು ಬದುಕುತ್ತದೆ. ಎಲ್ಲಿ ಹಿರಿಯರ ಕಣ್ಣು ತಪ್ಪಿತೋ ಅಲ್ಲಿ ಕೈಯು ಮೇಲೇಳುತ್ತದೆ. ತಮ್ಮ ತಪ್ಪಿನ ಭಯವನ್ನು ಮಗುವಿನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಾರೆ. ಆದಕಾರಣ ಕಾವಲು ಸರಿಯಾಗಿದ್ದಲ್ಲಿ ಚಿಕ್ಕ ಮಕ್ಕಳಿಗೆ ಏಟಿನ ಪ್ರಸಂಗವೇ ಬಾರದು. ಕಾವಲು ತಪ್ಪಿದಲ್ಲಿ ಎಷ್ಟು ಏಟು ಕೊಟ್ಟರೂ ಅದು ಕಾವಲಾಗದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಕೆಲವರು ನಮ್ಮ ಮುಂದೆ ಹಿಡಿಯುವರು. ಒಳ್ಳೆಯದು. ಆದರೆ ಅಡಿಕೆಯ ಸಸಿಯನ್ನು ನೆಟ್ಟ ತೋಟಿಗನು ಅದನ್ನು ಹೊಡೆದು ಬೆಳೆಯಿಸುವನೇ? ಬಿಸಿಲು ತಾಗದಂತೆ ಮರೆ ಕಟ್ಟುತ್ತಾನೆ, ದನ ಮೇಯದಂತೆ ಬೇಲಿ ಹಾಕುತ್ತಾನೆ. ಮೇಲಾಗಿ, ಹತ್ತು ವರ್ಷಗಳ ತಾಡನವನ್ನು ಹೇಳುವ ಪ್ರಸಿದ್ಧ ನೀತಿಶ್ಲೋಕವನ್ನು ಬಾಯಿಪಾಠ ಒಪ್ಪಿಸುವವರು, ಅದೇ ಶ್ಲೋಕವು ಮೊದಲ ಐದು ವರ್ಷಗಳನ್ನು ಕೇವಲ ಲಾಲನೆಗೆ ಮೀಸಲಿಟ್ಟಿದೆಯೆಂಬುದನ್ನು ಮರೆಯುತ್ತಾರೆ. ದೊಡ್ಡ ಮಕ್ಕಳ ತಾಡನವನ್ನೂ ಇಂದಿನ ಕಾಯಿದೆಯು ಒಪ್ಪುವುದಿಲ್ಲ; ಆದರೆ ಚಿಕ್ಕವರ ಮೇಲೆ ಕೈಮಾಡುವವರಿಗೆ ಹಳೆಯ ಶಾಸ್ತ್ರದ ಆಸರೆಯೂ ಇಲ್ಲವೆಂಬುದನ್ನು ತಿಳಿಸುವುದಷ್ಟೇ ನಮ್ಮ ಉದ್ದೇಶ.

ಅಂಗನವಾಡಿ ಎಂಬ ಹೆಸರಿನಲ್ಲಿಯೇ ಒಂದು ಕಥೆಯಿದೆ. ೧೯೪೫ರಲ್ಲಿ ತಾರಾಬಾಯಿ ಮೋಡಕರು ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲಶಿಕ್ಷಣದ ಕೇಂದ್ರವನ್ನು ತೆರೆದರು. ಅನುತಾಯಿ ವಾಘರು ಅವರಿಗೆ ಜೊತೆಯಾದರು. ಆಗ ನಮ್ಮ ಉತ್ತರ ಕನ್ನಡವೂ ಬೋರ್ಡಿಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಡವರ ಕೇರಿಯ ಮಕ್ಕಳು ಶಾಲೆಗೆ ಬಾರದಿದ್ದಾಗ, ತಾರಾಬಾಯಿಯವರು ಆ ಮಕ್ಕಳನ್ನು ಎಳೆದು ತರಿಸಲಿಲ್ಲ; ಶಾಲೆಯನ್ನೇ ಅವರ ಮನೆಗಳ ಅಂಗಳಕ್ಕೆ ಕೊಂಡೊಯ್ದರು. ಅಂಗಳದ ಬಾಲವಾಡಿಯೇ ಅಂಗನವಾಡಿ. ೧೯೭೫ರ ಅಕ್ಟೋಬರ್ ೨ರಂದು ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಆರಂಭಿಸಿದಾಗ ಆ ಹೆಸರೇ ಉಳಿಯಿತು. ನಮ್ಮ ನಾಡಿನಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. ತಾಯಿಯ ಕಣ್ಣಳತೆಯಲ್ಲಿರುವ ಸ್ಥಳಕ್ಕೆ ಅಂಗಳವೆಂದು ಹೆಸರು. ಆ ಕಣ್ಣಳತೆಯು ತಪ್ಪಿದರೆ ಅದು ಹೆಸರಿಗೆ ಮಾತ್ರ ಅಂಗನವಾಡಿಯಾಗುವುದು.

ಸರಕಾರದ ನಿಯಮಗಳೂ ಇದನ್ನೇ ಹೇಳುತ್ತವೆ. ೨೦೧೩ರ ರಾಷ್ಟ್ರೀಯ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣ ನೀತಿಯು, ಮೂರರಿಂದ ಆರು ವರ್ಷದ ೨೦ ಮಕ್ಕಳಿಗೆ ಒಬ್ಬ ಹಿರಿಯಳೂ, ಮೂರರೊಳಗಿನ ೧೦ ಮಕ್ಕಳಿಗೆ ಒಬ್ಬಳೂ ಇರಬೇಕೆಂದು ವಿಧಿಸಿದೆ. ಖಾಸಗೀ ಶಿಶುವಿಹಾರಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಹೊರಡಿಸಿದ ಮಾರ್ಗಸೂಚಿಯು, ೨೦ ಮಕ್ಕಳಿಗೆ ಒಬ್ಬ ಶಿಕ್ಷಕಿಯಲ್ಲದೆ ಒಬ್ಬ ಆರೈಕೆಯವಳನ್ನೂ ಕೇಳುತ್ತದೆ. ಇನ್ನು ದಂಡನೆಯ ವಿಷಯ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರವೆಂದು ಕೆಲವರು ಚಿಕ್ಕವರ ವಿಷಯದಲ್ಲಿ ನಿರಾಳವಾಗಿರುತ್ತಾರೆ. ಅದು ತಪ್ಪು ತಿಳಿವಳಿಕೆ. ೨೦೧೫ರ ಬಾಲನ್ಯಾಯ ಕಾಯಿದೆಯ ೭೫ನೆಯ ಕಲಮು ಹದಿನೆಂಟರೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮಕ್ಕಳ ಆರೈಕೆಯನ್ನು ವಹಿಸಿಕೊಂಡ ಸಂಸ್ಥೆಯವರು ಕ್ರೂರವಾಗಿ ನಡೆದುಕೊಂಡರೆ ಐದು ವರ್ಷಗಳವರೆಗೆ ಕಠಿಣ ಸೆರೆಮನೆಯೂ ಐದು ಲಕ್ಷ ರೂಪಾಯಿಗಳವರೆಗೆ ದಂಡವೂ ಆಗಬಹುದು. ವಾಚಕರು ಗಮನಿಸತಕ್ಕ ಸಂಗತಿಯೇನೆಂದರೆ, ಮಗುವನ್ನು ಹೊಡೆಯುವುದನ್ನೂ ಬೇಕೆಂದೇ ಅಲಕ್ಷಿಸುವುದನ್ನೂ ಆ ಕಲಮು ಒಟ್ಟಿಗೇ ಸೇರಿಸಿ ಹೇಳಿದೆ.

ಆದರೆ ಕಾಯಿದೆಯ ಪುಸ್ತಕವು ಮಗುವನ್ನು ಹಳ್ಳದ ದಂಡೆಯಿಂದ ಎತ್ತಿ ತರಲಾರದು. ಗೋಡೆಗೆ ತೂಗಿದ ಪರವಾನಿಗೆಯ ಕಾಗದಕ್ಕೆ ಕಣ್ಣುಗಳಿಲ್ಲ. ಅದರಲ್ಲಿಯೂ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸ್ಥಿತಿಯು ಬಯಲುಸೀಮೆಯಂತಲ್ಲ. ಮನೆಗಳು ಒಂದಕ್ಕೊಂದು ದೂರ. ನಡುವೆ ತೋಟ, ಗದ್ದೆ, ಬೆಟ್ಟ, ಹಳ್ಳ. ಜನಸಂಖ್ಯೆ ವಿರಳವಾದ ಗುಡ್ಡಗಾಡಿನ ಊರುಗಳಿಗೆಂದು ಏರ್ಪಡಿಸಿದ ಕಿರು ಅಂಗನವಾಡಿಗಳಲ್ಲಿ ಬಹುಕಾಲ ಸಹಾಯಕಿಯೇ ಇರಲಿಲ್ಲ. ಒಬ್ಬಳೇ ಎಲ್ಲವನ್ನೂ ನಡೆಯಿಸಬೇಕಾಗಿತ್ತು. ೨೦೧೭ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿ ಬಾಣಂತಿಯರ ಊಟವೂ ಅಂಗನವಾಡಿಗೆ ಸೇರಿತು. ಯೋಜನೆಯು ಪುಣ್ಯದ್ದೇ, ಆದರೆ ಒಲೆಯ ಮೇಲಿನ ಪಾತ್ರೆಯು ದೊಡ್ಡದಾದಷ್ಟೂ ಮಕ್ಕಳ ಮೇಲಿನ ಕಣ್ಣು ಚಿಕ್ಕದಾಗುತ್ತದೆ.

ಅಡಿಕೆಯ ಸುಗ್ಗಿಯಲ್ಲಂತೂ ಕೇಳುವುದೇ ಬೇಡ. ಕೊನೆ ಕೊಯ್ಲಿನ ಕಾಲದಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರೂ ಕೆಲಸದಲ್ಲಿರುತ್ತಾರೆ. ಕೇಂದ್ರಕ್ಕೆ ಹೋಗದ ಮಗುವು ಸುಲಿಯುವ ಮೆಟ್ಟುಗತ್ತಿಯ ಪಕ್ಕದಲ್ಲಿಯೋ, ಅಡಿಕೆ ಬೇಯುವ ಹಂಡೆಯ ಬಳಿಯಲ್ಲಿಯೋ ಆಡಿಕೊಂಡಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗದ ಔಷಧಕ್ಕೆ ತಂದಿಟ್ಟ ಮೈಲುತುತ್ತದ ನೀಲಿ ಹರಳುಗಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯಂತೆ ತೋರುತ್ತವೆ, ಅವು ವಿಷ. ಆದಕಾರಣ ಮಕ್ಕಳ ಕೇಂದ್ರವು ನಮಗೆ ವಿದ್ಯೆಯ ಸ್ಥಾನವಾಗುವ ಮೊದಲು ರಕ್ಷಣೆಯ ಸ್ಥಾನವಾಗಿದೆ.

ಇನ್ನೊಂದು ಸೂಕ್ಷ್ಮವಾದ ವಿಷಯವುಂಟು. ಯಲ್ಲಾಪುರದ ಕಾಡಂಚಿನಲ್ಲಿ ಅನೇಕ ಸಿದ್ದಿ ಕುಟುಂಬಗಳ ಮನೆಮಾತು ಕೊಂಕಣಿ, ಗೌಳಿಗರದು ಮರಾಠಿ. ಶಿರಸಿಯ ಹವ್ಯಕರ ಮಗುವೂ ಮನೆಯಲ್ಲಿ ಆಡುವುದು ಪುಸ್ತಕದ ಕನ್ನಡವನ್ನಲ್ಲ. ಇಂತಹ ಮಗುವಿಗೆ ಮೊದಲ ದಿನಗಳಲ್ಲಿ "ಕೂತುಕೋ", "ಸಾಲಿನಲ್ಲಿ ನಿಲ್ಲು" ಎಂದರೆ ಅದು ಪಿಳಿಪಿಳಿ ನೋಡುತ್ತದೆ. ಹೇಳಿದ ಮಾತನ್ನು ಕೇಳುವುದಿಲ್ಲವೆಂದು ನಾವು ಅದಕ್ಕೆ ಹೆಸರಿಡುತ್ತೇವೆ. ನಿಜವಾಗಿ ಹೇಳಿದ ಮಾತು ಅದಕ್ಕೆ ತಿಳಿದೇ ಇಲ್ಲ. ತಿಳಿಯದ ಮಾತಿಗೆ ಏಟು ತಿಂದ ಮಗುವು ಆ ಭಾಷೆಯನ್ನೇ ಏಟಿನೊಡನೆ ನೆನಪಿಡುವುದು. ಮನೆಯ ಮಾತಿನ ಹತ್ತು ಶಬ್ದಗಳನ್ನು ಕಾರ್ಯಕರ್ತೆಯು ಆ ತಾಯಿಯಿಂದ ಕಲಿತುಕೊಂಡರೆ ಎಷ್ಟೋ ಹಟವು ತಾನಾಗಿ ಕರಗುತ್ತದೆ. ಕೂದಲನ್ನೋ ಬಣ್ಣವನ್ನೋ ಜಾತಿಯನ್ನೋ ಹಿಡಿದು ಅಣಕಿಸುವುದು ಏಟಿಗಿಂತ ಕಡಿಮೆಯ ಹಿಂಸೆಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಗೃಹಸ್ಥರು ಏನನ್ನು ನೋಡಬೇಕು? ಮಗುವನ್ನು ಸೇರಿಸುವ ಮೊದಲು "ಅಲ್ಲಿಯ ಬಾಯಿಯವರು ಕಟ್ಟುನಿಟ್ಟೋ" ಎಂದು ಕೇಳುವ ಬದಲು, ಅರ್ಧ ದಿನ ಅಲ್ಲಿ ಕುಳಿತು ನೋಡಿರಿ. ಮಕ್ಕಳು ಬಂದಾಗ, ಹೊರಗೆ ಆಡಿ ಒಳಗೆ ಬಂದಾಗ, ಊಟಕ್ಕೆ ಕುಳಿತಾಗ, ಮನೆಗೆ ಹೊರಟಾಗ ಎಣಿಕೆ ನಡೆಯುತ್ತದೆಯೇ? ಒಬ್ಬಳು ಒಲೆಯ ಹತ್ತಿರ ಹೋದಾಗ ಇನ್ನೊಬ್ಬಳು ಮಕ್ಕಳ ನಡುವೆ ಇರುತ್ತಾಳೆಯೇ? ಬಾಗಿಲ ಚಿಲಕವು ಎತ್ತರದಲ್ಲಿದೆಯೇ? ಬಾವಿಗೆ ಕಟ್ಟೆಯೂ ಮುಚ್ಚಳವೂ ಉಂಟೇ? ಮಗುವನ್ನು ಕರೆದೊಯ್ಯಲು ಬಂದವರು ಯಾರೆಂದು ವಿಚಾರಿಸುತ್ತಾರೆಯೇ? ಇಬ್ಬರಲ್ಲಿ ಒಬ್ಬಳು ರಜೆಯಲ್ಲಿದ್ದ ದಿನ ಏನು ಏರ್ಪಾಡು? ನಾವು ಕಂಡ ಹಳ್ಳಿಯಲ್ಲಿ ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಶಿಸ್ತಿನ ವಿಷಯದಲ್ಲಿ ಅನುಭವಿಕಳಾದ ಕಾರ್ಯಕರ್ತೆಯ ರೀತಿಯನ್ನು ನೋಡಿದರೆ ಸಾಕು. ಒಂದು ಮಗು ಇನ್ನೊಂದನ್ನು ಕಚ್ಚಿದರೆ ಆಕೆಯು ಮೊದಲು ಕಚ್ಚಿಸಿಕೊಂಡದ್ದನ್ನು ಸಂತೈಸುತ್ತಾಳೆ. ಕಚ್ಚಿದ್ದನ್ನು ತನ್ನ ಮಗ್ಗುಲಲ್ಲಿ ಕೂರಿಸಿಕೊಂಡು, "ಕಚ್ಚಿದರೆ ನೋವಾಗುತ್ತದೆ" ಎಂದು ಒಂದೇ ಮಾತಿನಲ್ಲಿ ಹೇಳಿ, ಕೈಗೆ ಬೇರೆ ಕೆಲಸವನ್ನು ಕೊಡುತ್ತಾಳೆ. ಕತ್ತಲ ಕೋಣೆಯಲ್ಲಿ ಕೂಡಿಹಾಕುವುದು, ಊಟವನ್ನು ತಡೆಹಿಡಿಯುವುದು, ಎಲ್ಲರೆದುರು ನಿಲ್ಲಿಸಿ ನಗುವುದು, ಇವೆಲ್ಲ ಶಿಸ್ತಲ್ಲ. ಗುಮ್ಮನ ಹೆದರಿಕೆಯೂ ಹಾಗೆಯೇ. "ಸೂಜಿ ಚುಚ್ಚಿಸುತ್ತೇನೆ" ಎಂದು ದಿನವೂ ಹೆದರಿಸಿದ ತಾಯಿಯು, ಲಸಿಕೆಯ ದಿನ ಮಗುವು ಕಿರುಚಿದರೆ ದಾದಿಯನ್ನು ದೂರಬಾರದು.

ಮುಖ್ಯವಾದ ಮಾತು ಇಷ್ಟು: "ಎರಡು ಬಿಟ್ಟು ಬುದ್ಧಿ ಕಲಿಸಿರಿ" ಎಂದು ನಮ್ಮ ಗೃಹಸ್ಥರು ಇನ್ನು ಮುಂದೆ ಯಾವ ಕಾರ್ಯಕರ್ತೆಗೂ ಹೇಳಕೂಡದು. ಆ ಮಾತು ಕಾಯಿದೆಗೆ ವಿರೋಧವಾದ ಕೆಲಸಕ್ಕೆ ಅನುಮತಿಯನ್ನು ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಗುವು ನೋವನ್ನು ಮನೆಗೆ ಬಂದು ಹೇಳುವ ದಾರಿಯನ್ನು ಮುಚ್ಚುತ್ತದೆ. ಎಲ್ಲಿಯಾದರೂ ಏಟಿನ ಗುರುತು ಕಂಡರೆ, ಇಲ್ಲವೆ ನಗುತ್ತ ಹೋಗುತ್ತಿದ್ದ ಮಗು ಬಾಗಿಲಲ್ಲಿ ನಡುಗತೊಡಗಿದರೆ, ಮೊದಲು ಕಾರ್ಯಕರ್ತೆಯೊಡನೆ ಶಾಂತವಾಗಿ ಮಾತಾಡಿರಿ. ಆಮೇಲೆ ಬಾಲವಿಕಾಸ ಸಮಿತಿಗೂ, ಮೇಲ್ವಿಚಾರಕಿಗೂ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಿರಿ. ಸಂಕಟದ ಹೊತ್ತಿಗೆ ಮಕ್ಕಳ ಸಹಾಯವಾಣಿ ೧೦೯೮ ಇದ್ದೇ ಇದೆ.

ಆದರೆ ದೂರುವ ಹಕ್ಕಿನೊಡನೆ ನೆರವಾಗುವ ಹೊಣೆಯೂ ಬರುತ್ತದೆ. ಆ ಹಳ್ಳಿಯಿಂದ ನಾವು ಹೊರಡುವ ದಿನ ಬೆಳಿಗ್ಗೆ ಕೇಂದ್ರದ ಮುಂದೆ ಹಾದುಹೋದೆವು. ಅದೇ ತಂದೆಯು ಏಣಿಯ ಮೇಲೆ ನಿಂತು ಬಾಗಿಲಿಗೆ ಎತ್ತರದಲ್ಲಿ ಹೊಸ ಚಿಲಕವನ್ನು ಜಡಿಯುತ್ತಿದ್ದನು. ಮಗುವು ಕೆಳಗೆ ನಿಂತು ಮೊಳೆಗಳ ಡಬ್ಬಿಯನ್ನು ಹಿಡಿದಿತ್ತು; ಕಾರ್ಯಕರ್ತೆಯು ಅದರ ಬೆನ್ನ ಹಿಂದೆಯೇ ಇದ್ದಳು. ಸಹಾಯಕಿಯಿಲ್ಲದ ದಿನ ಕೇರಿಯ ತಾಯಂದಿರಲ್ಲಿ ಒಬ್ಬರು ಸರದಿಯ ಮೇಲೆ ಬಂದು ಕುಳಿತುಕೊಳ್ಳುವುದೆಂದು ರಾತ್ರಿಯೇ ಮಾತಾಗಿತ್ತಂತೆ. ನಮ್ಮ ವಾಚಕರ ಊರುಗಳಲ್ಲಿ ಇಂತಹ ಏರ್ಪಾಡು ಮಗುವೊಂದು ಹಳ್ಳದ ದಂಡೆಗೆ ಹೋಗುವ ಮೊದಲೇ ಆಗಲಿ ಎಂದು ಹಾರೈಸುತ್ತೇವೆ.